ಕತ್ತರಿಸಲ್ಲ, ಸವರ್ತೀವಿ

ನಮ್ಮ ಮನೆಯ ಬೀರುವಿನ ಕೆಳಗಿನ ಖಾನೆ ತೆಗೆದರೆ ಒಂದು ವಾಸನೆ ಬರುತ್ತದೆ. ಸಾಂಬ್ರಾಣಿ, ಅರಿಶಿನ, ಯಂತ್ರದ ಎಣ್ಣೆ ಮೂರೂ ಕಲಸಿದ ವಾಸನೆ. ಆಯುಧಪೂಜೆಯ ಸಾಮಾನು ಸುತ್ತಿಡುವ ಹಳೆಯ ಪಂಚೆಯದು. ಮೊನ್ನೆ ಹಬ್ಬಕ್ಕೆಂದು ಮನೆ ಗುಡಿಸುವಾಗ ಆ ಪಂಚೆ ಬಿಚ್ಚಿದೆ. ಒಳಗೆ ಇಕ್ಕಳ, ಕುಡುಗೋಲು, ಅವುಗಳ ಜೊತೆಗೆ ಅಂಗೈಯಗಲದ ಕರಿಯ ಹಾರ್ಡ್‌ಡಿಸ್ಕು. ಅದರ ಮೇಲೆ ಎರಡು ಕುಂಕುಮದ ಬೊಟ್ಟು. ಒಂದು ವಾರೆಯಾಗಿ, ಅವಸರದಲ್ಲಿ ಇಟ್ಟದ್ದು. ಇನ್ನೊಂದು ನಟ್ಟನಡುವೆ, ದುಂಡಗೆ ಇದೆ. ಎರಡಕ್ಕೂ ನಡುವೆ ಸರಿಯಾಗಿ ಒಂದು ವರ್ಷ. ಆ ವರ್ಷವನ್ನು ನೆನೆಸಿಕೊಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ, ನಗುವೂ ಬರುತ್ತದೆ.

ಆ ವರ್ಷ ನನಗೆ ನಲವತ್ತಾರು. ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿಕೊಂಡು, ಮೈಸೂರು ಸುತ್ತಿನ ಹೂವಿನ ಕಸುಬಿನ ಮಾತುಗಳ ಮೇಲೆ ಪಿಎಚ್‌ಡಿಗೆ ಬರೆಯುತ್ತಿದ್ದೆ. ಬರೆಯುತ್ತಿದ್ದೆ ಅನ್ನುವುದಕ್ಕಿಂತ ಎಳೆಯುತ್ತಿದ್ದೆ ಅನ್ನುವುದೇ ಸರಿ. ಎರಡು ಸಲ ಅವಧಿ ವಿಸ್ತರಣೆ ತೆಗೆದುಕೊಂಡಾಗಿತ್ತು. ಮೂರನೆಯದು ಸುತರಾಂ ಇಲ್ಲ, ಡಿಸೆಂಬರ್ ಮುಗಿಯುವುದರೊಳಗೆ ಪ್ರಬಂಧ ಮೇಜಿನ ಮೇಲಿರಬೇಕು, ಇಲ್ಲದಿದ್ದರೆ ನೋಂದಣಿ ರದ್ದು ಎಂದು ನಮ್ಮ ಮಾರ್ಗದರ್ಶಕಿ ಮೇಡಂ ಮುಲಾಜಿಲ್ಲದೆ ಹೇಳಿದ್ದರು. ಆರು ವರ್ಷ ಮಾರುಕಟ್ಟೆಯ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು ಹೂ ಕಟ್ಟುವ ಹೆಂಗಸರ ಮಾತನ್ನು ಧ್ವನಿಮುದ್ರಿಸಿದ್ದೆ. ಅದೆಲ್ಲ ನೀರಿಗೆ ಹೋಗಲು ನಾನು ಬಿಡುವವಳಲ್ಲ.

ಮನೆ ರಾಮಕೃಷ್ಣನಗರದಲ್ಲಿ. ನಾನು, ನಮ್ಮನೆಯವರು, ನಮ್ಮತ್ತೆ, ಮೂರೇ ಜನ. ನಮ್ಮನೆಯವರ ಹೆಸರು ನಂಜುಂಡಸ್ವಾಮಿ, ಹಿನಕಲ್‌ನಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪಿಗೆ ಹೊಸ ತಾಮ್ರದ ತಂತಿ ಸುತ್ತಿ ಜೀವ ಕೊಡುವುದು ಅವರ ಕೆಲಸ. ಅತ್ತೆ ಸಾಕಮ್ಮ, ಹಿನಕಲ್ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ಮಲ್ಲಿಗೆ ತೋಟ ಮಾಡಿದವರು. ಈಗ ಆ ತೋಟದ ಮೇಲೆ ಮನೆಗಳಿವೆ. ಅತ್ತೆಯ ಪಾಲಿಗೆ ಉಳಿದದ್ದು ನಮ್ಮ ತಾರಸಿಯ ಮೇಲೆ ಪೇಂಟ್ ಡ್ರಮ್ಮಿನಲ್ಲಿ ಬೆಳೆದ ನಾಲ್ಕು ಗಿಡ. ವಿದ್ಯಾರಣ್ಯಪುರದ ಓಣಿಯಲ್ಲಿ ಹುಟ್ಟಿ ಹೂವನ್ನು ಮೊಳದಲ್ಲಿ ಮಾತ್ರ ಕಂಡಿದ್ದ ನನಗೆ ಈ ಸಂಶೋಧನೆಯ ಹುಚ್ಚು ಹಿಡಿಸಿದ್ದೂ ಅವರ ಬಾಯಿಯೇ. ಅವರು ಒಂದು ಸಂಜೆ ಆಡುವ ಮಾತಿನಲ್ಲಿ ನನಗೆ ಒಂದು ಪುಟ ಸಿಗುತ್ತಿತ್ತು.

ನಮ್ಮನೆಯವರಿಗೆ ಬಿಟ್‌ಕಾಯಿನ್ ಅಂಟಿದ್ದು ಅಂಗಡಿಗೆ ಬರುತ್ತಿದ್ದ ಯಾರೋ ಗಿರಾಕಿಯಿಂದ. ಎಷ್ಟು ಕೊಂಡರು ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಅದನ್ನು ಇಟ್ಟುಕೊಳ್ಳುವುದಕ್ಕೆ ವಾಲೆಟ್ ಎಂಬ ತಂತ್ರಾಂಶ ಬೇಕು. ಫೋನಿನಲ್ಲೇ ಕೂರುವ ಹಗುರಾದ ವಾಲೆಟ್ಟುಗಳಿವೆ, ಅವು ಬೇರೆಯವರ ಕಂಪ್ಯೂಟರನ್ನು ಕೇಳಿಕೊಂಡು ನಿಮ್ಮದು ಇಷ್ಟಿದೆ ಎಂದು ಹೇಳುತ್ತವೆ. ನಮ್ಮನೆಯವರಿಗೆ ಅದು ಜಪ್ಪಯ್ಯ ಅಂದರೂ ಒಗ್ಗಲಿಲ್ಲ. ಅವರಿಗೆ ಬೇಕಾದದ್ದು ಇನ್ನೊಂದು ಬಗೆಯದು. ಆ ನಾಣ್ಯ ಹುಟ್ಟಿದ ದಿನದಿಂದ ಇಡೀ ಪ್ರಪಂಚದಲ್ಲಿ ಯಾರು ಯಾರಿಗೆ ಕಳಿಸಿದರು ಎಂಬ ಪೂರಾ ದಾಖಲೆಯನ್ನು ನಮ್ಮ ಕಂಪ್ಯೂಟರಿಗೇ ಇಳಿಸಿಕೊಂಡು, ಒಂದೊಂದನ್ನೂ ತಾನೇ ಪರೀಕ್ಷೆ ಮಾಡುವಂಥದ್ದು. ಇದಕ್ಕೊಂದು ಕಾರಣವಿತ್ತು. ನಮ್ಮ ಮಾವ ತೋಟದ ಮೂಲಪತ್ರಗಳನ್ನು ನಂಬಿಕಸ್ತನೆಂದು ಒಬ್ಬ ದಲ್ಲಾಳಿಯ ಕೈಗೆ ಕೊಟ್ಟಿದ್ದರು. ಆಮೇಲೆ ಆದದ್ದನ್ನು ಬಿಡಿಸಿ ಹೇಳಬೇಕಿಲ್ಲ. ಅಂದಿನಿಂದ ನಮ್ಮನೆಯವರ ಬಾಯಲ್ಲಿ ಒಂದೇ ಮಾತು: ಕಾಗದ ಇನ್ನೊಬ್ಬರ ಹತ್ತಿರ ಇದ್ದರೆ ಅದು ನಮ್ಮದಲ್ಲ.

ಸರಿ, ಆದರೆ ಆ ಪ್ರಪಂಚದ ದಾಖಲೆ ಕೂರುವುದು ಎಲ್ಲಿ? ಮನೆಯಲ್ಲಿದ್ದದ್ದು ಒಂದೇ ಲ್ಯಾಪ್‌ಟಾಪ್, ನಾನು ಪ್ರಬಂಧ ಬರೆಯುವಂಥದ್ದು. ಆ ದಾಖಲೆ ಆರುನೂರು ಜಿಬಿ ದಾಟಿ ದಿನದಿನವೂ ಬೆಳೆಯುತ್ತಿತ್ತು. ಆಷಾಢದ ಒಂದು ಮಧ್ಯಾಹ್ನ, ಬೆಟ್ಟದ ಕಡೆಯಿಂದ ಸೋನೆ ಮಳೆ ಬೀಸಿ ಬರುತ್ತಿರುವಾಗ, ನಾಲ್ಕನೆಯ ಅಧ್ಯಾಯ ಬರೆಯುತ್ತ ಕೂತಿದ್ದೆ. ಉಳಿಸು ಎಂದು ಒತ್ತಿದೆ. ಡಿಸ್ಕ್ ತುಂಬಿದೆ, ಉಳಿಸಲಾಗದು ಎಂದಿತು. ಇನ್ನೊಮ್ಮೆ ಒತ್ತಿದೆ. ಲ್ಯಾಪ್‌ಟಾಪ್ ಹಾಗೇ ಸ್ತಬ್ಧವಾಯಿತು. ಬೆಳಗಿನಿಂದ ಬರೆದ ಹನ್ನೊಂದು ಪುಟ ಹೋಯಿತು. ಅಂಗಡಿಯಿಂದ ಬಂದವರನ್ನು ನಾನು ಬಾಗಿಲಲ್ಲೇ ತರಾಟೆಗೆ ತೆಗೆದುಕೊಂಡೆ. ಬ್ರೆಜಿಲಿನವನು ಜಪಾನಿನವನಿಗೆ ಏನು ಕಳಿಸಿದ ಅನ್ನುವುದಕ್ಕೆ ನಮ್ಮನೇಲಿ ಜಾಗ ಇದೆ, ನನ್ನ ಅಧ್ಯಾಯಕ್ಕೆ ಜಾಗವಿಲ್ಲವೇ ಎಂದು ಕೇಳಿದೆ. ಅವರು ಕೊಡೆ ಮಡಿಸುತ್ತ ನಿಂತರು. ಒಂದು ಫೈಲ್ ಅಳಿಸಿದರೂ ಎಲ್ಲ ಹೋಗುತ್ತದೆ ಎಂಬ ಭಯ ಅವರಿಗೆ.

ನಾನು ಮದುವೆಯ ವಿಡಿಯೊ ಅಳಿಸಿದೆ, ಪ್ರವಾಸದ ಫೋಟೊ ಅಳಿಸಿದೆ. ಒಂದು ವಾರಕ್ಕೆ ಸಾಕಾಯಿತು. ಶ್ರಾವಣದ ಹೊತ್ತಿಗೆ ಅವರು ಈ ಕರಿಯ ಡಿಸ್ಕ್ ತಂದರು. ದಾಖಲೆಯ ಫೋಲ್ಡರನ್ನು ಅದಕ್ಕೆ ಸಾಗಿಸುವುದಕ್ಕೆ ಎರಡು ಹಗಲು ಹಿಡಿಯಿತು. ಡಿಸ್ಕಿನಲ್ಲಿ ಇನ್ನೂ ಜಾಗ ಮಿಕ್ಕಿತ್ತಲ್ಲ, ನಾನು ಜಾಣೆ, ನನ್ನ ಧ್ವನಿಮುದ್ರಣಗಳನ್ನೂ ಅದಕ್ಕೇ ಹಾಕಿ ಲ್ಯಾಪ್‌ಟಾಪಿನಿಂದ ಅಳಿಸಿದೆ. ಬೇರೆ ಪ್ರತಿ ಇಟ್ಟುಕೊಳ್ಳಲಿಲ್ಲ. ಮಕ್ಕಳಿಗೆ ದಿನಾ ಎಚ್ಚರಿಕೆ ಹೇಳುವ ಮೇಷ್ಟ್ರಮ್ಮ ನಾನು.

ಆಯುಧಪೂಜೆಯ ದಿನ ಬೆಳಿಗ್ಗೆ ನಮ್ಮನೆಯವರು ಅಂಗಡಿ ಪೂಜೆಗೆ ಹಿನಕಲ್‌ಗೆ ಹೋದರು. ನಾನು ಅಡುಗೆಮನೆಯಲ್ಲಿದ್ದೆ. ಮನೆಯ ಆಯುಧಗಳನ್ನು ಕೂಡಿಸಿ, ತೊಳೆದು, ಬೊಟ್ಟಿಟ್ಟು ಸಾಲಾಗಿ ಜೋಡಿಸುವುದು ಅತ್ತೆಯ ಕೆಲಸ. ಈಳಿಗೆಮಣೆ, ಕತ್ತರಿ, ಇಕ್ಕಳ, ತೋಟದ ಕಾಲದ ಕುಡುಗೋಲು ಎಲ್ಲವೂ ಬಂದವು. ಆ ದಿನ ಯಾವ ಆಯುಧವೂ ದುಡಿಯಬಾರದು. ನಡುಮನೆಯ ಮೇಜಿನ ಮೇಲೆ ಆ ಡಿಸ್ಕು ಮಾತ್ರ ನೀಲಿ ದೀಪ ಮಿಣುಕಿಸುತ್ತ ದುಡಿಯುತ್ತಲೇ ಇತ್ತು. ಪಾಪ, ಬಂದಾಗಿನಿಂದ ಮೈಮುರಿದು ದುಡಿದದ್ದು, ಇವತ್ತೊಂದು ದಿನ ಸುಮ್ಮನಿರಲಿ ಎಂದು ಅತ್ತೆ ಕೇಬಲ್ ಎಳೆದರು. ಒದ್ದೆ ಬಟ್ಟೆಯಲ್ಲಿ ಒರೆಸಿ, ಮೂಲೆಯಲ್ಲಿ ಬೊಟ್ಟಿಟ್ಟು, ಕುಡುಗೋಲಿನ ಪಕ್ಕ ಮಲಗಿಸಿದರು. ನಾನು ಕೋಸಂಬರಿ ಹಿಡಿದು ಬಂದಾಗ ಅದರ ಮೇಲೆ ಸೇವಂತಿಗೆ ಹೂವಿತ್ತು.

ಮಾರನೆಯ ದಿನ ವಿಜಯದಶಮಿ. ಊಟವಾದ ಮೇಲೆ ನಮ್ಮನೆಯವರು ಡಿಸ್ಕ್ ಸಿಕ್ಕಿಸಿ ವಾಲೆಟ್ ತೆರೆದರು. ದಾಖಲೆಯ ಸೂಚಿ ಕೆಟ್ಟಿದೆ, ಮೊದಲಿನಿಂದ ಕಟ್ಟಬೇಕು ಎಂಬ ಸೂಚನೆ ಬಂತು. ಬರೆಯುತ್ತಿರುವಾಗಲೇ ಕೇಬಲ್ ಕಿತ್ತರೆ ಹಾಗಾಗುತ್ತದೆ ಎಂದು ಇವತ್ತು ನನಗೆ ಗೊತ್ತು. ಅವತ್ತು ನನಗೆ ಹೊಳೆದದ್ದು ಒಂದೇ, ನನ್ನ ಧ್ವನಿಗಳೂ ಅದರಲ್ಲೇ ಇದ್ದವಲ್ಲ. ಅತ್ತೆ ಬಂದು, ನಾನೇ ಕಣಪ್ಪ ತೆಗೆದಿಟ್ಟೋಳು, ಏನಾಯ್ತು ಎಂದರು. ಅವರ ಮಗ ತಿರುಗಿ ನಿಂತರು.

"ನಿಂಗೆ ಯಾರವ್ವ ಅದನ್ನ ಮುಟ್ಟು ಅಂದೋರು? ಗೊತ್ತಿಲ್ದಿದ್ರೆ ಸುಮ್ನೆ ಒಂದ್ ಮೂಲೇಲಿ ಇರಕ್ಕಾಗಲ್ವಾ?"

ಹಬ್ಬದ ದಿನ, ಹೊಸ ಸೀರೆಯಲ್ಲಿ ನಿಂತ ತಾಯಿಗೆ. ನನಗೆ ಮೈಯೆಲ್ಲ ಉರಿಯಿತು. ಅತ್ತೆ ಅಳಲಿಲ್ಲ, ಬೈಯಲಿಲ್ಲ.

"ಆಯ್ತು ಬುಡಪ್ಪ. ಇನ್ಮ್ಯಾಕೆ ನಾ ಏನೂ ಮುಟ್ಟಲ್ಲ."

ನನ್ನ ಧ್ವನಿಮುದ್ರಣಗಳು ಉಳಿದಿದ್ದವು. ಒಂದೊಂದನ್ನೂ ತೆರೆದು ಕೇಳಿ, ಆ ದಿನವೇ ಎರಡು ಪೆನ್‌ಡ್ರೈವಿಗೆ ಇಳಿಸಿಕೊಂಡೆ. ಕೆಟ್ಟದ್ದು ವಾಲೆಟ್ಟಿನ ದಾಖಲೆ ಮಾತ್ರ. ಅದನ್ನು ಕಟ್ಟು ಎಂದು ಬಿಟ್ಟರೆ, ಆ ನಿಧಾನದ ಡಿಸ್ಕಿನಿಂದ ಆರುನೂರು ಜಿಬಿ ಓದುವ ಕೆಲಸಕ್ಕೆ ಲ್ಯಾಪ್‌ಟಾಪ್ ಪೂರಾ ನೆಲಕಚ್ಚಿತು. ನಾನು 'ಮಲ್ಲಿಗೆ' ಎಂದು ಒತ್ತಿದರೆ 'ಗೆ' ಬರುವ ಹೊತ್ತಿಗೆ ಕಾಫಿ ಆರುತ್ತಿತ್ತು. ನಿಲ್ಲಿಸಿ ಅಂದರೆ ಅವರು ನಿಲ್ಲಿಸಲು ತಯಾರಿಲ್ಲ. ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದು ಕಡೆಯಿಂದ ಬಂತು. ಮೇಡಂ ಕೊನೆಯ ಅಧ್ಯಾಯ ವಾಪಸ್ ಕೊಟ್ಟರು. ಇದು ಬರೀ ಪದಪಟ್ಟಿ, ಈ ಮಾತುಗಳು ಜನರ ಬಾಯಿಂದ ಯಾವಾಗ, ಹೇಗೆ ಹೋದವು ಅನ್ನುವುದು ಎಲ್ಲಿದೆ ಎಂದು ಕೇಳಿದರು. ಅದನ್ನು ಹೇಳಬಲ್ಲವರು ಅತ್ತೆ ಒಬ್ಬರೇ. ಅತ್ತೆ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಊಟಕ್ಕೆ ಬಾ, ತುಪ್ಪ ಹಾಕ್ಲಾ, ಇಷ್ಟೇ ಮಾತು. ಫೋನ್ ಮುಂದಿಟ್ಟು ಏನಾದರೂ ಕೇಳಿದರೆ, ನಾನೇನು ಓದಿದವಳಾ, ನಿಮ್ಮ ಮೇಡಮ್ಮನ್ನೇ ಕೇಳು ಎಂದು ಸೆರಗು ಕೊಡವಿ ತಾರಸಿಗೆ ಹೋಗುತ್ತಿದ್ದರು.

ಅಕ್ಟೋಬರ್ ಮುಗಿಯುತ್ತ ಬಂದಿತ್ತು. ನನಗೆ ಎರಡು ತಿಂಗಳಿತ್ತು, ಲ್ಯಾಪ್‌ಟಾಪ್ ಇರಲಿಲ್ಲ, ಅತ್ತೆಯ ಮಾತಿರಲಿಲ್ಲ. ಕಂಪ್ಯೂಟರ್ ಅಂಗಡಿಯವನು ಫಾರ್ಮ್ಯಾಟ್ ಹೊಡೆದುಬಿಡೋಣ ಮೇಡಂ ಎಂದ. ಅವನ ಮುಂದೆ ಲ್ಯಾಪ್‌ಟಾಪ್ ಮುಚ್ಚಿ ಎದ್ದು ಬಂದೆ. ಹಳಗನ್ನಡದ ಶಾಸನ ಓದಿದವಳಿಗೆ ಒಂದು ತಂತ್ರಾಂಶದ ಸಹಾಯಪುಟ ಓದಲು ಬರದೇ ಎಂದು ಹಟ ಹುಟ್ಟಿತು. ಕಾಲೇಜಿನಿಂದ ಬಂದು ದಿನಾ ಸಂಜೆ ಊಟದ ಮೇಜಿನ ಮೇಲೆ ಫೋನಿನಲ್ಲೇ ಓದಿದೆ, ನೋಟ್‌ಪುಸ್ತಕದಲ್ಲಿ ಬರೆದುಕೊಂಡೆ. ಒಂದು ವಾರ ತಲೆ ಕೆಟ್ಟು ಮೊಸರು ಗಡಿಗೆಯಾಯಿತು. ಆಮೇಲೆ ಮೆಲ್ಲಗೆ ಬಿಡಿಸಿಕೊಂಡಿತು.

ನಮ್ಮದು ಅನ್ನುವುದು ಇಡೀ ಆರುನೂರು ಜಿಬಿ ಅಲ್ಲವೇ ಅಲ್ಲ. ನಮ್ಮ ಕೀಲಿಗಳಿರುವುದು ವಾಲೆಟ್ ಎಂಬ ಒಂದೇ ಫೈಲಿನಲ್ಲಿ. ಅದು ನನ್ನ ಒಂದು ಧ್ವನಿಮುದ್ರಣಕ್ಕಿಂತ ಚಿಕ್ಕದು. ಅದರ ಪ್ರತಿ ಭದ್ರವಾಗಿದ್ದರೆ ಮಿಕ್ಕದ್ದು ಸುಟ್ಟುಹೋದರೂ ಮತ್ತೆ ಇಳಿಸಿಕೊಳ್ಳಬಹುದು. ಇನ್ನೊಂದು ಸಂಗತಿಯೂ ತಿಳಿಯಿತು. ಆ ತಂತ್ರಾಂಶದ ಆಯ್ಕೆಗಳಲ್ಲಿ ಪ್ರೂನ್ ಅಂತ ಒಂದಿದೆ. ಅದನ್ನು ಒತ್ತಿ, ಇಷ್ಟೇ ಜಾಗ ಎಂದು ಮಿತಿ ಹಾಕಿದರೆ, ದಾಖಲೆಯನ್ನು ಮೊದಲಿನಿಂದ ಇಳಿಸಿಕೊಳ್ಳುತ್ತದೆ, ಪ್ರತಿ ಪುಟವನ್ನೂ ಪರೀಕ್ಷಿಸುತ್ತದೆ, ಪರೀಕ್ಷಿಸಿ ಮುಗಿದ ಹಳೆಯದನ್ನು ಬಿಸಾಡುತ್ತ ಮುಂದೆ ಹೋಗುತ್ತದೆ. ಕೊನೆಗೆ ಉಳಿಯುವುದು ಇಪ್ಪತ್ತು ಜಿಬಿ ಆಸುಪಾಸು. ಒಂದು ಎಚ್ಚರಿಕೆಯಿತ್ತು. ಹಾಗೆ ಓದುತ್ತ ಹೋಗುವಾಗ ನಮ್ಮ ವಾಲೆಟ್ ಫೈಲ್ ಮೊದಲಿನಿಂದಲೂ ತೆರೆದಿರಬೇಕು. ಹಳೆಯ ಪುಟಗಳು ಹೋದಮೇಲೆ ತಂದಿಟ್ಟರೆ ಅದಕ್ಕೆ ತನ್ನ ಹಿಂದಿನದು ಸಿಗುವುದಿಲ್ಲ. ಈ ಸಾಲನ್ನು ನಾನು ಕೆಂಪು ಶಾಯಿಯಲ್ಲಿ ಬರೆದುಕೊಂಡೆ.

ನಮ್ಮನೆಯವರಿಗೆ ಹೇಳಿದೆ. ಅವರಿಗೆ ಆ ಪ್ರೂನ್ ಗೊತ್ತಿತ್ತು. "ಅದು ಕತ್ತರಿಸೋದು ಕಣೆ ಸುಧಾ. ಕತ್ತರಿಸಿದ್ಮೇಲೆ ಉಳಿಯೋದೇನು?" ಎಂದರು, ಮುಖ ಆ ಕಡೆ ಮಾಡಿದರು. ಎಷ್ಟು ವಿವರಿಸಿದರೂ ಅವರ ಕಿವಿಗೆ ಬೀಳುತ್ತಿದ್ದದ್ದು ಕತ್ತರಿಸುವುದು ಅನ್ನುವ ಒಂದೇ ಮಾತು.

ಮಾತು ಅಂದ ಕೂಡಲೇ ನನ್ನ ತಲೆಯಲ್ಲಿ ಏನೋ ಅಲುಗಿತು. ಪ್ರೂನ್ ಅನ್ನುವುದು ಗಿಡದ ಕಡ್ಡಿ ತೆಗೆಯುವ ಕೆಲಸದ ಮಾತು, ಆ ಇಂಗ್ಲಿಷ್ ಪದಕ್ಕೆ ನನ್ನ ಪ್ರಬಂಧದಲ್ಲೇ ಕನ್ನಡ ಇತ್ತು.

ಭಾನುವಾರ ಬೆಳಿಗ್ಗೆ ಅವರು ತಾರಸಿಯ ಮೇಲೆ ನೀರಿನ ಟ್ಯಾಂಕಿನ ಮೋಟರ್ ಬಿಚ್ಚಿಕೊಂಡು ಕೂತಿದ್ದರು. ಅತ್ತೆ ನಾಲ್ಕು ಹೆಜ್ಜೆ ಆಚೆ ಡ್ರಮ್ಮಿನ ಗಿಡಗಳ ಹತ್ತಿರ, ಮಗನಿಗೆ ಬೆನ್ನು ಹಾಕಿ. ನಾನು ನೋಟ್‌ಪುಸ್ತಕ ಹಿಡಿದು ನಡುವೆ ನಿಂತೆ. ಕೇಳಿದರೆ ಅವರು ಹೇಳುವುದಿಲ್ಲವೆಂದು ಗೊತ್ತಿತ್ತು. ಅದಕ್ಕೆ ಕೇಳಲಿಲ್ಲ, ಗಟ್ಟಿಯಾಗಿ ಓದುತ್ತ ಬರೆದೆ: ಧನುರ್ಮಾಸದಲ್ಲಿ ಮಲ್ಲಿಗೆ ಗಿಡವನ್ನು ಕತ್ತರಿಸುತ್ತಾರೆ.

ಅತ್ತೆಯ ಕೈ ನಿಂತಿತು. ನಾನು ಇನ್ನೊಮ್ಮೆ ಓದಿದೆ: ಕತ್ತರಿಸುತ್ತಾರೆ. ಪೂರ್ಣವಿರಾಮ.

"ಯಾವಳೇ ನಿಂಗೆ ಅಂಗೆ ಏಳ್ದೋಳು?" ಎಂದು ತಿರುಗಿದರು. "ಮಲ್ಗೆ ಗಿಡ ಕತ್ತರಿಸಲ್ಲ ಕಣವ್ವ, ಸವರ್ತೀವಿ. ಕತ್ತರ್ಸೋಕೆ ಅದೇನು ಬಟ್ಟೆಯಾ?"

ನಾನು ಮುಖದಲ್ಲಿ ಏನೂ ತೋರಿಸದೆ, ಎರಡೂ ಒಂದೇ ಅಲ್ಲವಾ ಅತ್ತೆ ಅಂದೆ. ಅಷ್ಟೇ ಸಾಕಾಯಿತು. ತಿಂಗಳಿಂದ ಕಟ್ಟಿಕೊಂಡಿದ್ದದ್ದೆಲ್ಲ ಹೊರಗೆ ಬಂತು. ಸವರುವುದಕ್ಕೆ ಮುಂಚೆ ಗಿಡಕ್ಕೆ ನೀರು ನಿಲ್ಲಿಸಬೇಕು. ಹಸಿ ಕಡ್ಡಿ ಯಾವುದು, ಹೂಬಿಟ್ಟು ಮುಗಿದದ್ದು ಯಾವುದು ಎಂದು ಕೈಯಲ್ಲಿ ಮುಟ್ಟಿ ಮುಟ್ಟಿ ನೋಡಬೇಕು. ಮೊದಲು ಹಿಂಗೆ ಸವರಬೇಕು ಎನ್ನುತ್ತ ಕೊಂಬೆಯ ಉದ್ದಕ್ಕೂ ಅಂಗೈ ಎಳೆದರು, ಮಗುವಿನ ತಲೆ ಸವರುವ ಹಾಗೆ. ಆಮೇಲೆ ಹಿಂಗೆ ಸವರಬೇಕು ಎಂದು ಕುಡುಗೋಲಿನ ಓಟ ತೋರಿಸಿದರು. ಎರಡಕ್ಕೂ ಅವರಲ್ಲಿ ಒಂದೇ ಮಾತು. ಮೊದಲಿನದನ್ನು ಮಾಡದವರು ಎರಡನೆಯದಕ್ಕೆ ಕೈ ಹಾಕಬಾರದು.

"ಬುಡ ಒಂದ್ ಮುಟ್ಟಬಾರದು ಕಣವ್ವ. ಬುಡ ಇದ್ರೆ ಮಿಕ್ಕಿದ್ದೆಲ್ಲಾ ಬತ್ತದೆ. ಹಳೇ ಕಡ್ಡಿ ಹೊತ್ಕೊಂಡು ಕೂತಿದ್ರೆ ಗಿಡ ಹೂ ಎಲ್ಲಿ ಬುಡ್ತದೆ?"

ನಾನು ಅತ್ತೆಗೆ ಹೇಳುವವಳಂತೆ, ಬುಡ ಅಂದರೆ ವಾಲೆಟ್ ಫೈಲು, ಅದನ್ನು ಮೊದಲು ಎರಡು ಕಡೆ ತೆಗೆದಿಟ್ಟಿದೆ, ಹೂಬಿಟ್ಟು ಮುಗಿದ ಕಡ್ಡಿ ಅಂದರೆ ಪರೀಕ್ಷೆ ಮುಗಿದ ಪುಟ ಅಂದೆ. ಟ್ಯಾಂಕಿನ ಕಡೆ ಸ್ಪ್ಯಾನರಿನ ಸದ್ದು ನಿಂತು ಬಹಳ ಹೊತ್ತಾಗಿತ್ತು. ಪ್ರತಿ ಪುಟವನ್ನೂ ನಮ್ಮ ಕಂಪ್ಯೂಟರೇ ನೋಡುತ್ತದೆ ತಾನೇ, ಬೇರೆಯವರನ್ನು ಕೇಳುವುದಿಲ್ಲ ತಾನೇ ಎಂದು ಅವರು ನನ್ನನ್ನು ಕೇಳಿದರು. ಒಂದನ್ನೂ ಬಿಡುವುದಿಲ್ಲ, ನೋಡಿ ಆದಮೇಲೇ ಸವರುತ್ತದೆ ಅಂದೆ. ಅವರು ಕೈಗೆ ಅಂಟಿದ್ದ ಗ್ರೀಸ್ ಒರೆಸಿಕೊಂಡರು. ಯಾವತ್ತು ಶುರು ಮಾಡೋದು ಎಂದರು. ಅವ್ವನಿಗೆ ಮಾತ್ರ ಏನೂ ಹೇಳಲಿಲ್ಲ, ಅತ್ತೆಯೂ ಆ ಕಡೆ ನೋಡಲಿಲ್ಲ.

ಕಾರ್ತಿಕ ಮಾಸದಲ್ಲಿ ಶುರು ಮಾಡಿದೆವು. ಮೊದಲು ವಾಲೆಟ್ ಫೈಲ್ ಅದರ ಜಾಗದಲ್ಲಿದೆಯೇ ಎಂದು ಮೂರು ಸಲ ನೋಡಿದೆ. ಕರಿಯ ಡಿಸ್ಕಿನಿಂದ ಹಳೆಯ ದಾಖಲೆ ಪೂರಾ ಅಳಿಸಿದೆ, ಅಳಿಸುವಾಗ ನಮ್ಮನೆಯವರು ಎದ್ದು ಹೊರಗೆ ಹೋದರು. ಹೊಸದು ಇಳಿಯುವುದು ನೇರ ಲ್ಯಾಪ್‌ಟಾಪಿಗೇ. ನಾನೊಂದು ಕಟ್ಟಳೆ ಮಾಡಿದೆ. ನಾನು ಕಾಲೇಜಿನಲ್ಲಿರುವಷ್ಟು ಹೊತ್ತು ಲ್ಯಾಪ್‌ಟಾಪ್ ಅದಕ್ಕೆ, ಮನೆಗೆ ಬಂದಮೇಲೆ ನನಗೆ. ಮುಚ್ಚು ಎಂದು ಒತ್ತಿದರೆ ಒಂದು ಪುಟ್ಟ ಕಿಟಕಿ ಬರುತ್ತದೆ. ಈ ಕಿಟಕಿ ಮಾಯವಾಗುವವರೆಗೆ ಕಂಪ್ಯೂಟರ್ ಆರಿಸಬೇಡಿ ಎಂದು ಅದರಲ್ಲಿರುತ್ತದೆ. ಅದು ಮಾಯವಾಗದೆ ಯಾರೂ ಯಾವ ತಂತಿಯನ್ನೂ ಎಳೆಯಕೂಡದು. ಹೇಳಿದ್ದು ನಮ್ಮನೆಯವರಿಗೆ, ಆದರೆ ಅತ್ತೆಯೂ ಕೇಳಿಸಿಕೊಂಡರು.

ಆ ತಂತ್ರಾಂಶ ತಾನು ಎಲ್ಲಿದ್ದೇನೆಂದು ವರ್ಷದಲ್ಲಿ ತೋರಿಸುತ್ತದೆ: ಇಂದಿಗಿಂತ ಇಷ್ಟು ವರ್ಷ, ಇಷ್ಟು ವಾರ ಹಿಂದೆ. ಹಗಲು ಮನೆಯಲ್ಲಿ ಅತ್ತೆ ಒಬ್ಬರೇ ಇರುತ್ತಿದ್ದರು. ಅವರಿಗೆ ಇಂಗ್ಲಿಷ್ ಬರದು, ಅಂಕಿ ಬರುತ್ತದೆ. ಮಧ್ಯಾಹ್ನ ಒಂದು ಸಲ ಫೋನಿನಲ್ಲಿ ಅಂಕಿ ಹೇಳಿ ಸಾಕು, ಅದು ನಿಂತುಹೋದರೆ ಗೊತ್ತಾಗಲಿ ಎಂದು ಕೇಳಿಕೊಂಡೆ. ಮುಟ್ಟಲ್ಲ, ನೋಡ್ತೀನಿ ಎಂಬ ಕರಾರಿನ ಮೇಲೆ ಒಪ್ಪಿದರು. ಮೊದಲ ದಿನ ಊಟದ ಬಿಡುವಿನಲ್ಲಿ ಫೋನ್ ಮಾಡಿದಾಗ, ಹದಿನಾಲ್ಕು ಅಂತ ಅದೆ, ಏನದು ಎಂದರು. ಹದಿನಾಲ್ಕು ವರ್ಷ ಹಿಂದೆ ಅತ್ತೆ ಅಂದೆ. ಆಗ ನಿಮ್ಮಾವ ಇದ್ರು ಕಣವ್ವ, ಹೂವಿತ್ತು ಎಂದರು.

ನಾನು ಸ್ಟಾಫ್ ರೂಮಿನಲ್ಲಿ ಡಬ್ಬಿಯ ಮುಂದೆ ಹಾಗೇ ಕೂತೆ. ಮೇಡಂ ಕೇಳಿದ್ದ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಯಾವ ಮಾತು ಯಾವಾಗ ಹೋಯಿತು ಎಂದು ಇದುವರೆಗೆ ಎಷ್ಟು ಸಲ ಕೇಳಿದರೂ ಅತ್ತೆ, ಅದೆಂಗವ್ವ ನೆಪ್ಪಿರ್ತದೆ ಎಂದು ಬಿಡುತ್ತಿದ್ದರು. ಈಗ ಆ ಪರದೆ ಅವರ ಮುಂದೆ ವರ್ಷವನ್ನು ಒಂದೊಂದಾಗಿ ಇಡುತ್ತಿತ್ತು. ನಾನು ಸಂಜೆ ಬಂದು ಫೋನ್ ಮುಂದಿಟ್ಟರೆ ಬೇಡವೆನ್ನಲಿಲ್ಲ. ಹದಿನಾಲ್ಕನೆಯದರಲ್ಲಿ ಬೆಳಗಿನ ಜಾವ ಹೂ ಬಿಡಿಸಲು ಬರುತ್ತಿದ್ದ ಹೆಂಗಸರು, ಬುಟ್ಟಿಗೆ ಅವರಿಟ್ಟ ಹೆಸರುಗಳು. ಹದಿಮೂರರಲ್ಲಿ ಬಾವಿ ಬತ್ತಿದ್ದು. ಬಾವಿ ಹೋದಮೇಲೆ ನೀರು ಕಟ್ಟುವ ಮಾತುಗಳನ್ನು ಯಾರೂ ಆಡಲಿಲ್ಲ ಎಂದು ತಾವೇ ಹೇಳಿದರು. ಹನ್ನೆರಡರಲ್ಲಿ ಮಾವ ತೀರಿಕೊಂಡರು.

ತೊಂದರೆ ಒಂದೇ. ಆ ದಾಖಲೆಯ ಮೊದಮೊದಲ ವರ್ಷಗಳು ಹಗುರ, ಒಂದೆರಡು ಗಂಟೆಗೇ ಒಂದು ವರ್ಷ ಮುಗಿದುಹೋಗುತ್ತದೆ. ಭಾರವಾಗುವುದು ಆಮೇಲೆ. ಎರಡನೆಯ ದಿನವೇ ಅತ್ತೆ ನಾನು ಪಾಠದಲ್ಲಿರುವಾಗ ಫೋನ್ ಮಾಡಿದರು. ಅವರು ಹಾಗೆ ಎಂದೂ ಮಾಡಿದವರಲ್ಲ. ಗಾಬರಿಯಿಂದ ಕಾರಿಡಾರಿಗೆ ಬಂದೆ.

"ಅದನ್ನ ವಸಿ ನಿಲ್ಸವ್ವ. ಹೂವಿನ ಕಾಲ ಎಲ್ಲಾ ಓಡ್ಹೋಯ್ತಾ ಅದೆ. ನಾ ಇನ್ನೂ ನಿಂಗೆ ಏಳೇ ಇಲ್ಲ."

ಅವತ್ತು ಅರ್ಧ ದಿನದ ರಜೆ ಹಾಕಿ ಮನೆಗೆ ಬಂದೆ. ಮುಚ್ಚು ಎಂದು ಒತ್ತಿದೆ, ಇಬ್ಬರೂ ಆ ಪುಟ್ಟ ಕಿಟಕಿಯನ್ನು ನೋಡುತ್ತ ಕೂತೆವು. ಹೋಯ್ತು ಎಂದರು ಅತ್ತೆ. ಅಂದಿನಿಂದ ನಾವು ಅದನ್ನು ಅವರ ನೆನಪಿನ ಹದಕ್ಕೆ ಓಡಿಸಿದೆವು. ಒಂದು ವರ್ಷ ಬಿಟ್ಟು, ನಿಲ್ಲಿಸಿ, ಅವರು ಹೇಳಿ ಮುಗಿಸಿದಮೇಲೆ ಇನ್ನೊಂದು. ನಮ್ಮನೆಯವರು ಇಷ್ಟು ನಿಧಾನವಾದರೆ ಯಾವ ಕಾಲಕ್ಕೆ ಮುಗಿಯುತ್ತದೆ ಎಂದು ಒಂದು ದಿನ ಗೊಣಗಿದರು. ನಿಮ್ಮದು ಮುಗಿಯುವ ಕಾಲಕ್ಕೇ ನನ್ನದೂ ಮುಗಿಯಬೇಕು, ಬಾಯಿ ಮುಚ್ಚಿಕೊಂಡು ಊಟ ಮಾಡಿ ಎಂದೆ. ಬಾಯಿ ಮುಚ್ಚಿಕೊಂಡು ಊಟ ಹೇಗೆ ಮಾಡುವುದು ಎಂದು ಅವರು ಕೇಳಲಿಲ್ಲ, ಅಷ್ಟು ಜಾಣತನ ಅವರಿಗಿತ್ತು.

ಹತ್ತು ವರ್ಷ ಹಿಂದಕ್ಕೆ ಬಂದಾಗ ತೋಟದಲ್ಲಿ ಸೈಟಿನ ಕಲ್ಲು ನೆಟ್ಟರು. ಗಿಡ ಸವರುವ ಕೆಲಸ ಆ ವರ್ಷವೇ ಕೊನೆ. ಬುಲ್ಡೋಜರ್ ಬುಡಸಮೇತ ಕಿತ್ತಿತು, ಆಮೇಲೆ ಸವರು ಅನ್ನಬೇಕಾದ ಪ್ರಸಂಗ ಯಾರಿಗೂ ಬರಲಿಲ್ಲ ಎಂದು ಅತ್ತೆ ಹೇಳಿದ್ದು ಧ್ವನಿಮುದ್ರಣದಲ್ಲಿದೆ. ಹಿಂದೆ ನಮ್ಮನೆಯವರ ಕೆಮ್ಮೂ ಕೇಳುತ್ತದೆ. ಅವರು ಅಂಗಡಿಯಿಂದ ಬೇಗ ಬಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ನಾನು ನೋಡಿದೆ, ಕರೆಯಲಿಲ್ಲ.

ಡಿಸೆಂಬರಿನಲ್ಲಿ ಎಲ್ಲಿಯದೋ ಚಂಡಮಾರುತ ಎಂದು ನಾಲ್ಕು ದಿನ ಜಿಟಿಜಿಟಿ ಹಿಡಿಯಿತು. ಕರೆಂಟ್ ಹೋದರೆ ಇಂಟರ್‌ನೆಟ್ ಹೋಗುತ್ತಿತ್ತು, ಆಗ ನಾನು ಬ್ಯಾಟರಿಯಲ್ಲಿ ಬರೆಯುತ್ತಿದ್ದೆ. ಬೆರಳು ಸೆಟೆದುಕೊಂಡರೆ ಅತ್ತೆ ಬಿಸಿನೀರಿನ ಲೋಟ ತಂದು ಅಂಗೈ ನಡುವೆ ಇಡುತ್ತಿದ್ದರು. ಕೊನೆಯ ವರ್ಷಗಳಿಗೆ ಅತ್ತೆಯ ಹತ್ತಿರ ಹೇಳುವುದು ಕಡಿಮೆಯಿತ್ತು, ದಾಖಲೆಗೆ ಭಾರ ಜಾಸ್ತಿಯಿತ್ತು. ತಾರಸಿಯ ಡ್ರಮ್ಮು, ನಾಲ್ಕು ಗಿಡ, ಪಕ್ಕದ ಮನೆಯವರು ಪೂಜೆಗೆ ಕೇಳುವ ಹಿಡಿ ಹೂ. ಅಷ್ಟನ್ನೂ ಬರೆದುಕೊಂಡೆ. ಕ್ರಿಸ್‌ಮಸ್ ರಜೆಗೆ ಮೂರು ದಿನ ಮುಂಚೆ, ಒಂದು ಮಧ್ಯಾಹ್ನ ಅತ್ತೆಯ ಫೋನ್ ಬಂತು. ಅಂಕಿನೇ ಇಲ್ಲ ಕಣವ್ವ, ಎಲ್ಲೋ ಓಯ್ತು ಎಂದರು, ದನಿಯಲ್ಲಿ ದಿಗಿಲು. ಅಂಕಿ ಇಲ್ಲದಿದ್ದರೆ ಇವತ್ತಿಗೆ ಬಂದು ಮುಟ್ಟಿತು ಎಂದರ್ಥ ಅತ್ತೆ, ಏನೂ ತಪ್ಪಾಗಿಲ್ಲ ಎಂದೆ. ಆ ಸಂಜೆ ನಮ್ಮನೆಯವರು ವಾಲೆಟ್ ತೆರೆದು ನೋಡಿದರು. ಇದ್ದದ್ದು ಇದ್ದ ಹಾಗೇ ಇತ್ತು. ಜಾಗ ನೋಡಿದೆವು, ಇಪ್ಪತ್ತು ಜಿಬಿ ಕೂಡ ತುಂಬಿರಲಿಲ್ಲ.

ಪ್ರಬಂಧವನ್ನು ಡಿಸೆಂಬರ್ ಕೊನೆಯ ವಾರ ಬೈಂಡ್ ಮಾಡಿಸಿ ಕೊಟ್ಟೆ. ಕೊನೆಯ ಅಧ್ಯಾಯ ಹದಿನಾಲ್ಕು ವರ್ಷ ಹಿಂದಿನಿಂದ ಶುರುವಾಗಿ ಇವತ್ತಿಗೆ ಬಂದು ನಿಲ್ಲುತ್ತದೆ. ಮೇಡಂ ಅದನ್ನು ನನ್ನ ಮುಂದೆಯೇ ಓದಿದರು, ಕನ್ನಡಕ ತೆಗೆದರು, ನಿಮ್ಮ ಅತ್ತೆಯನ್ನು ಒಂದು ಸಲ ಮನೆಗೆ ಕರೆದುಕೊಂಡು ಬನ್ನಿ ಎಂದರು. ನನಗೆ ಬಂದ ಸರ್ಟಿಫಿಕೇಟು ಅದೇ, ಮಿಕ್ಕದ್ದು 'ಡಾ.' ಅನ್ನುವ ಒಂದಕ್ಷರ.

ಆದರೆ ಅತ್ತೆ ಆಡಿದ ಮಾತು ಆಡಿದ ಹಾಗೇ ಇತ್ತು. ಮಗನ ಜೊತೆ ಮಾತುಕತೆ ನಡೆಯುತ್ತಿತ್ತು, ಸಾರಿಗೆ ಉಪ್ಪು ಸಾಕಾ, ಅಂಗಡಿಗೆ ಕೊಡೆ ತಗೊಂಡ್ಯಾ. ಲ್ಯಾಪ್‌ಟಾಪಿನ ಮೇಲೆ ದೂಳು ಕಂಡರೆ ಮಾತ್ರ, ಸುಧಾ ಒರ್ಸವ್ವ ಎಂದು ನನ್ನನ್ನು ಕರೆಯುತ್ತಿದ್ದರು. ಒಂದು ದಿನವೂ ಬೆರಳು ತಾಗಿಸಲಿಲ್ಲ. ನಮ್ಮನೆಯವರು ಅದನ್ನು ನೋಡುತ್ತಿದ್ದರು, ನುಂಗುತ್ತಿದ್ದರು. ತಾಯಿಯ ಮುಂದೆ ತಪ್ಪಾಯಿತು ಅನ್ನುವ ಗಂಡಸರನ್ನು ನಾನು ಆ ಮನೆತನದಲ್ಲಿ ಕಂಡಿಲ್ಲ. ಹೇಳಿಬಿಡಿ ಎಂದು ಎರಡು ಸಲ ತಿವಿದೆ, ಆಮೇಲೆ ಬಿಟ್ಟೆ.

ಮುಂದಿನ ವರ್ಷದ ಆಯುಧಪೂಜೆ ಬಂತು. ಆ ಬೆಳಿಗ್ಗೆ ಅವರು ಅಂಗಡಿಗೆ ಹೋಗಲಿಲ್ಲ, ಮನೆ ಪೂಜೆ ಮುಗಿಸಿ ಹೋಗುತ್ತೇನೆ ಎಂದರು. ಅತ್ತೆ ಈಳಿಗೆಮಣೆ, ಕತ್ತರಿ, ಕುಡುಗೋಲು ಜೋಡಿಸಿದರು. ಕುಡುಗೋಲಿನ ಪಕ್ಕ ಒಂದು ಗೇಣು ಜಾಗ ಖಾಲಿ ಬಿಟ್ಟು, ಇಕ್ಕಳವನ್ನು ಆಚೆಗಿಟ್ಟರು. ನಮ್ಮನೆಯವರು ಮೇಜಿನ ಮುಂದೆ ಕೂತು ವಾಲೆಟ್ ಮುಚ್ಚಿದರು. ಪುಟ್ಟ ಕಿಟಕಿ ಬಂತು. ಕೈ ಕಟ್ಟಿಕೊಂಡು ಕಾದರು. ಅದು ಮಾಯವಾಯಿತು. ಕರಿಯ ಡಿಸ್ಕನ್ನು, ಈಗ ಬರೀ ಅತ್ತೆಯ ಮತ್ತು ಆ ಹೂವಿನ ಹೆಂಗಸರ ದನಿಯೇ ಇರುವ ಡಿಸ್ಕನ್ನು, ಬಿಡಿಸಿಕೊಂಡು ಎರಡೂ ಕೈಯಲ್ಲಿ ಹಿಡಿದು ಹೋಗಿ ತಾಯಿಯ ಮುಂದೆ ನೆಲದ ಮೇಲೆ ಕೂತರು.

"ತಗೋ ಅವ್ವ. ನೀನೇ ಒರ್ಸು."

ಅತ್ತೆ ತೆಗೆದುಕೊಳ್ಳಲಿಲ್ಲ. ನನ್ನ ಕಡೆ ತಿರುಗಿದರು.

"ಕಿಟ್ಕಿ ಹೋಯ್ತೇನವ್ವ?"

ಹೋಯ್ತು ಅತ್ತೆ ಎಂದೆ. ಆಮೇಲೆ ಬಟ್ಟೆಯನ್ನು ಚೆನ್ನಾಗಿ ಹಿಂಡಿದರು. ಡಿಸ್ಕನ್ನು ಮಡಿಲಲ್ಲಿಟ್ಟು, ಮೂಲೆಯ ಹಳೆಯ ಬೊಟ್ಟನ್ನು ಹಾಗೇ ಬಿಟ್ಟು ಒರೆಸಿ, ನಡುವೆ ದುಂಡಗೆ ಬೊಟ್ಟಿಟ್ಟು, ಬಿಟ್ಟಿದ್ದ ಜಾಗದಲ್ಲಿ ಮಲಗಿಸಿದರು. ಐವತ್ತು ದಾಟಿದ ಮಗ ತಲೆ ತಗ್ಗಿಸಿ ಅಲ್ಲೇ ಕೂತಿದ್ದರು. ಅತ್ತೆ ಕುಂಕುಮದ ಕೈಯಲ್ಲೇ ಅವರ ತಲೆ ಸವರಿದರು.